ಒಂದೇ ತೆರನ ಎರಡು ಸೈಕಲ್

ಗೌರಕ್ಕ ಸೈಕಲ್ ಕಂಪನಿ ತೆರೆಯುತ್ತೇನೆಂದಾಗ ನಮ್ಮೂರಿನಲ್ಲಿ ಯಾರೂ ನಗಲಿಲ್ಲ. ಹದಿನೈದು ವರ್ಷ ಕಿಟಕಿಯ ಗ್ರಿಲ್ಲು, ಗೇಟು ವೆಲ್ಡಿಂಗ್ ಮಾಡಿ ಹೆಸರು ಪಡೆದವಳು. ಅವಳ ಗೇಟುಗಳ ಮೇಲೆ ಜೋತಾಡಿದ ಮಕ್ಕಳು ಈಗ ಸ್ವಂತ ಮನೆ ಕಟ್ಟಿಸಿ ಅವಳಿಂದಲೇ ಗೇಟು ಮಾಡಿಸಿಕೊಂಡಿದ್ದಾರೆ. ಒಂದು ಜಾಯಿಂಟೂ ಬಿಟ್ಟದ್ದಿಲ್ಲ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳಾದರೂ ಊರಿಗೆಲ್ಲ ಅಕ್ಕ, ನನಗೂ ಅಕ್ಕ. ನಾನು ತಿಪ್ಪೇಶಿ, ಬಸ್ ನಿಲ್ದಾಣದ ಎದುರು ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಒಂದು ಬೆಳಿಗ್ಗೆ ಬಂದವಳೇ ನನ್ನ ಸ್ಟೂಲಿನ ಮೇಲೆ ಕೂತು, ಅಂಗಡಿ ಮುಚ್ಚಿ ತನ್ನ ಜೊತೆ ಬರಬೇಕು, ಚಕ್ರ ಕಟ್ಟುವ ಕೆಲಸ ನನ್ನದು ಎಂದಳು. ಯಾವ ಚಕ್ರ, ಯಾಕೆ ಎಂದು ನಾನು ಕೇಳುವಷ್ಟರಲ್ಲಿ ಕಡ್ಡಿ ಬಿಗಿಯುವ ನನ್ನ ಕೀಲಿ ಅವಳ ಚೀಲ ಸೇರಿಯಾಗಿತ್ತು.

ನಮ್ಮದು ಬೆಟ್ಟದ ಮೈಗೆ ಅಂಟಿಕೊಂಡ ಊರು. ಪೇಟೆ ಬೀದಿಯೊಂದನ್ನು ಬಿಟ್ಟರೆ ಸಮನೆಲವೆಂಬುದು ಇಲ್ಲ. ಮೇಲೆ ಹನ್ನೆರಡು ಹಟ್ಟಿಗಳಿವೆ; ಅಲ್ಲಿಗೆ ಹೋಗುವ ದಾರಿ ಕಲ್ಲು, ಬೇರು, ಹಳ್ಳ. ಅಂಥ ದಾರಿಗೆ ಮಾಮೂಲಿ ಸೈಕಲ್ ಆಗುವುದಿಲ್ಲ. ಮುಂದಿನ ಚಕ್ರದ ಮೇಲೆ ಏಟು ನುಂಗುವ ಸಸ್ಪೆನ್ಷನ್ ಇರಬೇಕು. ಹಿಂದೆ ಅದೇನೂ ಬೇಡ. ಗಟ್ಟಿಯಾಗಿ ಬೆಸೆದ ಚೌಕಟ್ಟಿದ್ದರೆ ತುಳಿದ ಬಲವೆಲ್ಲ ನೇರ ಚಕ್ರಕ್ಕೇ ಹೋಗಿ ಏರು ಹತ್ತುವುದು ಹಗುರ. ಅದನ್ನು ಹಾರ್ಡ್‌ಟೇಲ್ ಅನ್ನುತ್ತಾರೆ. ಹೊರಗಿನಿಂದ ಲಾರಿಯಲ್ಲಿ ಅಂಥ ಸೈಕಲ್ಲುಗಳು ಒಂದೆರಡು ಸಲ ನಮ್ಮೂರಿಗೆ ಬಂದದ್ದುಂಟು. ಬಂದ ವಾರದೊಳಗೆ ಒಂದನ್ನುಳಿದು ಮಿಕ್ಕವೆಲ್ಲ ಮುರಿದು ಕೂತವು. ಯಾಕೆಂದರೆ ಎಲ್ಲವೂ ಒಂದೇ ತೆರನಾಗಿದ್ದವು.

ನಮ್ಮಲ್ಲಿ ಒಂದೇ ತೆರನ ಎರಡು ವಸ್ತು ಬಾಳುವುದಿಲ್ಲ. ಮೂರು ದಿನದೊಳಗೆ ಎರಡರಲ್ಲೊಂದು ಹೋಗುತ್ತದೆ, ಯಾವುದು ಎಂದು ಮೊದಲೇ ಹೇಳಲಾಗುವುದಿಲ್ಲ. ಮೊಳೆ, ಗುಂಡಿ, ಸೈಕಲ್ಲಿನ ಕಡ್ಡಿ ಇಂಥವಕ್ಕೆ ಈ ಬಾಧೆಯಿಲ್ಲ. ಒಬ್ಬರು ನನ್ನದು ಎಂದು ಹೇಳಿಕೊಳ್ಳುವ ವಸ್ತುವಿಗೆ ಮಾತ್ರ. ಹಾಗಾಗಿ ಪಾತ್ರೆ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಲೋಹ ಉಜ್ಜುವ ಅರವೊಂದು ಸದಾ ಇರುತ್ತದೆ. ಆರು ಲೋಟ ಕೊಂಡರೆ ಆರಕ್ಕೂ ಬೇರೆ ಬೇರೆ ಕಡೆ ಒಂದೊಂದು ಕಚ್ಚು ಹಾಕಿಯೇ ಕೊಡುತ್ತಾರೆ. ಶಾಲೆಯ ಮಕ್ಕಳ ಸಮವಸ್ತ್ರದ ಅಂಚಿನಲ್ಲಿ ತಾಯಂದಿರು ತಮಗೆ ತೋಚಿದ ಬಣ್ಣದ ನೂಲು ಓಡಿಸುತ್ತಾರೆ. ಉದಾಸೀನ ಮಾಡಿದವರು ಕೈಸುಟ್ಟುಕೊಂಡಿದ್ದಾರೆ. ನಾನೇ ಒಮ್ಮೆ ಎರಡು ಏಣಿ ಮಾಡಿಸಿ, ನಾಳೆ ಕಚ್ಚು ಹಾಕಿದರಾಯಿತು ಎಂದುಕೊಂಡೆ. ನನ್ನ ಎಡಗೈಯ ಕಿರುಬೆರಳು ಇಂದಿಗೂ ಮಡಚುವುದಿಲ್ಲ.

ಗೌರಕ್ಕನ ಯೋಚನೆ ಸರಳವಾಗಿತ್ತು. ಕೊಳ್ಳುವವರೇ ತಮ್ಮ ಸೈಕಲ್ಲನ್ನು ಆರಿಸಿಕೊಳ್ಳಲಿ. ಚೌಕಟ್ಟಿನ ಅಳತೆ, ಚಕ್ರದ ಅಳತೆ, ಹ್ಯಾಂಡಲ್ಲಿನ ಅಗಲ, ಟಯರು, ಗೇರು, ಸೀಟು ಎಂದು ಹನ್ನೊಂದು ಆಯ್ಕೆ. ಒಬ್ಬೊಬ್ಬರ ಮೈಗೂ ದಾರಿಗೂ ತಕ್ಕಂತೆ ಒಂದೊಂದು ಸೈಕಲ್. ಕಚ್ಚು ಹಾಕುವ ಮಾತೇ ಇಲ್ಲ. ಹಳೆಯ ಎಣ್ಣೆ ಗಾಣದ ಶೆಡ್ಡನ್ನು ತೊಳೆದು ಕಾರ್ಖಾನೆ ಮಾಡಿದೆವು. ಚೌಕಟ್ಟು ಅವಳದು, ಚಕ್ರ ನನ್ನದು, ಬಣ್ಣ ಖಾಸಿಂ ಸಾಹೇಬರದು. ಖಾಸಿಂ ಸಾಹೇಬರು ಅಂಗಡಿ ಬೋರ್ಡು ಬರೆಯುತ್ತಿದ್ದವರು, ಮಾತು ಕಡಿಮೆ. ಸೈಕಲ್ಲಿಗೆ ‘ದಿಬ್ಬ’ ಎಂದು ಹೆಸರಿಟ್ಟೆವು.

ಯುಗಾದಿ ಕಳೆದ ಮೊದಲ ಭಾನುವಾರ ಶೆಡ್ಡಿನ ಮುಂದೆ ಶಾಮಿಯಾನ ಹಾಕಿ ಬಿಡುಗಡೆ ಮಾಡಿದೆವು. ಅರ್ಧ ಊರು ಬಂದಿತ್ತು. ಖಾಸಿಂ ಸಾಹೇಬರು ಒಂದಾಳುದ್ದದ ಬಟ್ಟೆಯ ಮೇಲೆ ‘ನೀವು ಬರೆದದ್ದೇ ನಿಮಗೆ’ ಎಂದು ಬರೆದು ಕಟ್ಟಿದ್ದರು. ಗೌರಕ್ಕ ಭಾಷಣ ಮಾಡಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ ‘ದಿಬ್ಬ’ ಸೈಕಲ್ಲನ್ನು ಏರಿ, ಗಾಣದ ಹಿಂದಿನ ಕಲ್ಲುಮೆಟ್ಟಿಲುಗಳ ಮೇಲೆ ಸೈಕಲ್ಲಿನಲ್ಲೇ ಕೆಳಗಿಳಿದು ಬಂದು ನಿಂತಳು. ಆಮೇಲೆ ಒಂದೇ ಮಾತು ಹೇಳಿದಳು: ಆರಿಸುವ ಬಗೆ ಇಷ್ಟಿರುವಾಗ ಒಬ್ಬರದರಂತೆ ಇನ್ನೊಬ್ಬರದು ಆಗುವ ಸಾಧ್ಯತೆಯೇ ಇಲ್ಲ, ಬರೆದುಕೊಟ್ಟದ್ದರಲ್ಲಿ ತಾನು ಒಂದು ಎಳೆಯನ್ನೂ ಬದಲಿಸುವುದಿಲ್ಲ. ಚಪ್ಪಾಳೆ ಬಿತ್ತು. ಸಂಜೆಯೊಳಗೆ ಹದಿನೇಳು ಆರ್ಡರ್ ಬಂದವು.

ಮೂರನೆಯ ದಿನ ನಾನು ಚಕ್ರದ ಅಳತೆಗಾಗಿ ಆರ್ಡರ್ ಹಾಳೆಗಳನ್ನು ಜೋಡಿಸುತ್ತಿದ್ದಾಗ ಎರಡು ಹಾಳೆಗಳ ಮೇಲೆ ಕೈ ನಿಂತಿತು. ಹನ್ನೊಂದಕ್ಕೆ ಹನ್ನೊಂದೂ ಒಂದೇ. ಬಣ್ಣದ ಜಾಗದಲ್ಲಂತೂ ಇಬ್ಬರೂ ನಮ್ಮ ನಲವತ್ತು ಬಣ್ಣದ ಪಟ್ಟಿಯನ್ನು ಬಿಟ್ಟು ಕೈಯಲ್ಲಿ ಬರೆದಿದ್ದರು: ಬಲಿಯದ ಹುಣಸೆಕಾಯಿ ಬಣ್ಣ. ಒಂದರ ಮೇಲಿದ್ದ ಹೆಸರು ತ್ರಿಪುರಾಂಬ, ಇನ್ನೊಂದರ ಮೇಲಿದ್ದದ್ದು ಕೆಂಚಮ್ಮ.

ಅವರಿಬ್ಬರೂ ಯಾರೆಂದು ಊರಿನಲ್ಲಿ ಗೊತ್ತಿಲ್ಲದವರಿಲ್ಲ. ನಲವತ್ತಾರು ವರ್ಷದ ಕೆಳಗೆ ಒಂದೇ ಬಸಿರಲ್ಲಿ, ಹತ್ತು ನಿಮಿಷದ ಅಂತರದಲ್ಲಿ ಹುಟ್ಟಿದವರು. ಮನುಷ್ಯರಿಗೆ ಈ ಬಾಧೆಯಿಲ್ಲ ಎಂದು ಸೂಲಗಿತ್ತಿ ಎಷ್ಟು ಹೇಳಿದರೂ ಅವರ ಅಪ್ಪ ಅಮ್ಮನಿಗೆ ಧೈರ್ಯ ಬರಲಿಲ್ಲ. ಮೊದಲು ಹುಟ್ಟಿದವಳನ್ನು ಇದ್ದಂತೆಯೇ ಇಟ್ಟು, ಎರಡನೆಯವಳಿಗೆ ಮೂರನೆಯ ದಿನವೇ ಗಲ್ಲದ ಮೇಲೆ ಹಚ್ಚೆಯ ಚುಕ್ಕೆ ಹಾಕಿಸಿದರು, ಲೋಟಕ್ಕೆ ಕಚ್ಚು ಹಾಕಿದ ಹಾಗೆ. ಅವಳಿಗೆ ಕೂದಲು ಬಿಡಲಿಲ್ಲ. ಎಡಗೈಯಲ್ಲಿ ಬರೆಯುವುದನ್ನು ಹೊಡೆದು ಕಲಿಸಿದರು. ಅಕ್ಕನಿಗೆ ಅನ್ನ ಹಾಕಿದ ದಿನ ತಂಗಿಗೆ ಮುದ್ದೆ. ಇಬ್ಬರೂ ಬೇರೆ ಬೇರೆ ಶಾಲೆಗೆ ಹೋದರು. ಜೊತೆಯಲ್ಲಿ ನಿಲ್ಲಬೇಡಿ ಎಂಬುದನ್ನು ಕೇಳಿಕೊಂಡೇ ಬೆಳೆದರು, ಬೆಳೆದ ಮೇಲೂ ನಿಲ್ಲಲಿಲ್ಲ. ಜಗಳವೇನಿರಲಿಲ್ಲ. ತ್ರಿಪುರಾಂಬ ಆಸ್ಪತ್ರೆಯ ಸಿಸ್ಟರ್. ಹಟ್ಟಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದರು. ಕೆಂಚಮ್ಮ ನೀರುಗಂಟಿ, ಬೆಟ್ಟದ ಮೇಲಿನ ಟ್ಯಾಂಕುಗಳ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುತ್ತಿದ್ದರು. ಇಬ್ಬರೂ ದಿನವೂ ಅದೇ ಬೆಟ್ಟ ಹತ್ತುತ್ತಿದ್ದರು, ಎದುರಾದರೆ ಒಬ್ಬರು ಪಕ್ಕದ ದಾರಿ ಹಿಡಿಯುತ್ತಿದ್ದರು.

ನಾನು ಹಾಳೆಗಳನ್ನು ಗೌರಕ್ಕನ ಮುಂದಿಟ್ಟೆ. ಅವಳು ಎರಡು ಸಲ ಓದಿದಳು. ಇದರಲ್ಲಿ ತಲೆಕೆಡಿಸಿಕೊಳ್ಳುವುದೇನಿಲ್ಲ, ಯಾರಾದರೊಬ್ಬರದಕ್ಕೆ ಕೆಳಗಡೆ ಕಾಣದ ಹಾಗೆ ಒಂದು ಕಚ್ಚು ಹಾಕಿಬಿಡೋಣ ಎಂದೆ. ಕೇಳದೆ ಹಾಕುವುದಿಲ್ಲ ಎಂದಳು. ಕೇಳಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಸಿಸ್ಟರ್ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಮೊಣಕಾಲಿನವರೆಗೆ ಬರುವ ಜಡೆ ಬಿಚ್ಚಿ ಒಣಗಿಸುತ್ತಿದ್ದರು. ನಿಮ್ಮಂತೆಯೇ ಇನ್ನೊಬ್ಬರೂ ಬರೆದಿದ್ದಾರೆ, ಒಂದು ಸಣ್ಣ ಗುರುತಿಗೆ ಒಪ್ಪಿದರೆ ಸಾಕು ಎಂದೆ. ಸುಲಭವಾಗಿ ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರು ಬಾಚಣಿಗೆಯನ್ನು ಕೆಳಗಿಟ್ಟರು.

“ತಿಪ್ಪೇಶಪ್ಪ, ಈ ಕೂದಲು ನಾನು ಬಿಟ್ಟಿದ್ದಲ್ಲ. ಒಂದಿಂಚು ಕತ್ತರಿಸಿದ್ರೆ ಅವಳ ಥರ ಆಗಿಬಿಡ್ತೀನಿ ಅಂತ ಅಮ್ಮ ಕತ್ತರೀನೇ ಮುಟ್ಟಿಸ್ತಿರಲಿಲ್ಲ. ನನಗೆ ಇದು ಬೇಕು ಅಂತ ನಾನೇ ಕೂತು ಆರಿಸಿದ್ದು ಆ ಸೈಕಲ್ ಒಂದೇ. ಬರೆದ ಹಾಗೇ ಕೊಡಿ.”

ಇನ್ನೊಬ್ಬರು ಯಾರೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಂಚಮ್ಮ ಎರಡನೆಯ ಟ್ಯಾಂಕಿನ ಹತ್ತಿರ ಸಿಕ್ಕರು. ಎಡಗೈಯಲ್ಲಿ ವಾಲ್ವು ತಿರುಗಿಸುತ್ತಲೇ ನನ್ನ ಮಾತನ್ನು ಪೂರ್ತಿ ಕೇಳಿದರು. ನೀರು ಪೈಪಿನಲ್ಲಿ ಸದ್ದು ಮಾಡುತ್ತ ಕೆಳಗಿಳಿಯಿತು. ಆ ಇನ್ನೊಬ್ಬರು ಬಣ್ಣದ ಜಾಗದಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದರು. ಗಿರಾಕಿಯ ಹಾಳೆಯನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ ಎಂದೆ. ಕೆಂಚಮ್ಮ ನಕ್ಕರು. ಅಕ್ಕತಂಗಿಯರು ಚಿಕ್ಕವರಿದ್ದಾಗ ಅವರ ಹಿತ್ತಲಿನಲ್ಲಿ ಒಂದು ಹುಣಸೆಮರವಿತ್ತಂತೆ. ಬೆಳಿಗ್ಗೆ ಹತ್ತುವ ಸರದಿ ಒಬ್ಬರದು, ಸಂಜೆ ಹತ್ತುವ ಸರದಿ ಇನ್ನೊಬ್ಬರದು. ಬೆಳಿಗ್ಗೆ ಹತ್ತಿದವಳು ಕಾಯಿಯನ್ನು ಅರ್ಧ ಕಚ್ಚಿ ಉಳಿದರ್ಧವನ್ನು ಕೊಂಬೆಯ ಸಂದಿಯಲ್ಲಿ ಇಟ್ಟು ಹೋಗುತ್ತಿದ್ದಳಂತೆ.

“ಕಚ್ಚು ಬೇಡ,” ಎಂದರು ಆಮೇಲೆ. “ಲೋಟಕ್ಕಾದ್ರೆ ಹಾಕಿ, ಬೇಡ ಅನ್ನಲ್ಲ. ನನ್ನ ಮೈಮೇಲೆ ಹಾಕಿದ್ದೇ ಸಾಕಾಗಿದೆ.”

ಶೆಡ್ಡಿಗೆ ಬಂದು ಇಬ್ಬರೂ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಗೌರಕ್ಕ ಬಾಗಿಲಿಗೆ ಕಟ್ಟಿದ್ದ ಬಟ್ಟೆಯನ್ನು ತೋರಿಸಿದಳು. ಅದರಲ್ಲಿ ಬರೆದದ್ದನ್ನು ಊರೆಲ್ಲ ಓದಿದೆ, ಎರಡನ್ನೂ ಬರೆದಂತೆಯೇ ಮಾಡುತ್ತೇನೆ ಎಂದಳು. ನಾನು ಕಿರುಬೆರಳು ತೋರಿಸಿದೆ. ಅದು ಬಡಗಿಯ ಏಣಿ, ಇದು ನನ್ನ ವೆಲ್ಡಿಂಗ್ ಎಂದಳು. ಊರಿನವರು ಹೆದರಿ ಮೊದಲೇ ಕಚ್ಚು ಹಾಕುತ್ತಾರೆ, ಗಟ್ಟಿಯಾಗಿ ಮಾಡಿದ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದವರು ಯಾರಿದ್ದಾರೆ ಎಂದು ಕೇಳಿದಳು. ಆದರೆ ಒಂದು ಕರಾರು ಹಾಕಿದಳು: ಮೂರು ದಿನ ತಾನೇ ಓಡಿಸಿ ನೋಡದೆ ಯಾರ ಕೈಗೂ ಕೊಡುವುದಿಲ್ಲ. ಎರಡು ಸೈಕಲ್ಲುಗಳಲ್ಲಿ ಇನ್ನೊಂದನ್ನು ಓಡಿಸಲು ನಾನು ಬರುತ್ತೇನೆಂದು ಅವಳೇ ತೀರ್ಮಾನಿಸಿದ್ದಳು.

ಆ ಎರಡು ಸೈಕಲ್ಲುಗಳನ್ನು ಮಾಡಿದಷ್ಟು ಆಸ್ಥೆಯಿಂದ ನಾವು ಮತ್ತಾವುದನ್ನೂ ಮಾಡಿಲ್ಲ. ಒಂದೇ ಕೊಳವೆಯನ್ನು ಕತ್ತರಿಸಿ ಎರಡೂ ಚೌಕಟ್ಟಿಗೆ ಹಂಚಿದಳು. ನಾನು ನಾಲ್ಕು ಚಕ್ರ ಕಟ್ಟಿ, ಕಡ್ಡಿಗಳನ್ನು ಬೆರಳಿನಿಂದ ಮೀಟಿ, ನಾಲ್ಕರಿಂದಲೂ ಒಂದೇ ನಾದ ಬರುವವರೆಗೆ ಬಿಗಿದೆ. ಖಾಸಿಂ ಸಾಹೇಬರು ಸಂತೆಯಿಂದ ಎಳೆ ಹುಣಸೆಕಾಯಿ ತಂದು ಮೇಜಿನ ಮೇಲಿಟ್ಟುಕೊಂಡು, ಹಸಿರಿಗೆ ಕಂದು, ಕಂದಿಗೆ ಬೂದಿ ಬೆರೆಸಿ ಒಂದೇ ಡಬ್ಬಿಯಲ್ಲಿ ಕಲಸಿದರು. ಗುರುತಿಗೆ ಒಂದು ಚೀಟಿ ಕೂಡ ಕಟ್ಟಲಿಲ್ಲ, ಕಟ್ಟಿದರೆ ಅದೇ ಕಚ್ಚಾಗುತ್ತಿತ್ತು. ಬಣ್ಣ ಒಣಗಿ ಗೋಡೆಗೆ ಒರಗಿಸಿದಾಗ ಯಾವುದು ಯಾರದೆಂದು ನಮಗೇ ತಿಳಿಯಲಿಲ್ಲ. ನಾನು ಹುಟ್ಟಿದಂದಿನಿಂದ ಅಂಥದ್ದನ್ನು ನೋಡಿರಲಿಲ್ಲ. ಪಕ್ಕದ ಹೋಟೆಲಿನವರು ಟೀ ತಂದವರು ಅದನ್ನು ಕಂಡು ಹೊಸ್ತಿಲಿಂದ ಒಳಗೆ ಬರಲೊಲ್ಲದೆ ಲೋಟಗಳನ್ನು ಅಲ್ಲೇ ಇಟ್ಟು ಹೋದರು.

ಮೊದಲ ದಿನ ನಾಲ್ಕನೆಯ ಹಟ್ಟಿಯವರೆಗೆ ಹೋಗಿ ಬಂದೆವು, ಏನೂ ಆಗಲಿಲ್ಲ. ಅಂಥ ಸೈಕಲ್ಲನ್ನು ನಾನು ತುಳಿದಿರಲಿಲ್ಲ. ಮುಂದಿನ ಚಕ್ರ ಕಲ್ಲಿನ ಮೇಲೆ ಬಗ್ಗಿ ಏಳುತ್ತಿತ್ತು, ಹಿಂದಿನದು ಹಟ ಹಿಡಿದವರ ಹಾಗೆ ನೂಕುತ್ತಿತ್ತು. ಎರಡನೆಯ ದಿನ ಹನ್ನೆರಡನೆಯ ಹಟ್ಟಿಯನ್ನೂ ಮುಟ್ಟಿದೆವು. ಇಳಿಯುವಾಗ ಗೌರಕ್ಕ ಮುಂದಿದ್ದಳು, ಒಮ್ಮೆ ಹಿಂದಿರುಗಿ ನೋಡಿ ನಕ್ಕಳು. ನನಗೂ ಧೈರ್ಯ ಬಂದಿತ್ತು. ಮೂರನೆಯ ದಿನ ಮಧ್ಯಾಹ್ನ ಕತ್ತಾಳೆ ಬೇಲಿಯ ಇಳಿಜಾರಿನಲ್ಲಿ, ಕಲ್ಲೂ ಇಲ್ಲದ ಹಳ್ಳವೂ ಇಲ್ಲದ ನುಣ್ಣನೆಯ ಜಾಗದಲ್ಲಿ, ನನ್ನ ಕೈಕೆಳಗೆ ಪಟ್ ಎಂದಿತು. ಹ್ಯಾಂಡಲ್ಲಿನ ಕೆಳಗಿನ ಜಾಯಿಂಟು ಬಾಯಿ ತೆರೆದಿತ್ತು. ಬ್ರೇಕು ಹಿಡಿದೆನೋ ಹಾರಿದೆನೋ ನೆನಪಿಲ್ಲ. ಕಣ್ಣು ಬಿಟ್ಟಾಗ ಮೊಣಕೈ, ಭುಜ ತರಚಿ ಬೇಲಿಯ ಬುಡದಲ್ಲಿ ಬಿದ್ದಿದ್ದೆ.

ಗೌರಕ್ಕ ಓಡಿ ಬಂದು ಮೊದಲು ನನ್ನ ಕೈಕಾಲು ಮುಟ್ಟಿ ನೋಡಿದಳು. ನೀರು ಕುಡಿಸಿದಳು. ಆಮೇಲೆ ಸೈಕಲ್ಲಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಹದಿನೈದು ವರ್ಷದಲ್ಲಿ ಬಿಟ್ಟ ಮೊದಲ ಜಾಯಿಂಟು ಅದು. ಬೆರಳನ್ನು ಆ ಬಿರುಕಿನ ಮೇಲೆ ಮತ್ತೆ ಮತ್ತೆ ಆಡಿಸಿದಳು. ಬೆಸುಗೆಯಲ್ಲಿ ಕೊರತೆ ಹುಡುಕುತ್ತಿದ್ದಾಳೆ ಅನ್ನಿಸಿತು. ಕೊರತೆ ಇರಲಿಲ್ಲ.

“ಊರಿನವರು ಹೇಳೋದು ನಿಜ,” ಎಂದಳು ಕೊನೆಗೆ. “ನಿಮ್ಮನ್ನ ಇದರ ಮೇಲೆ ಕೂರಿಸಬಾರದಿತ್ತು ತಿಪ್ಪೇಶಣ್ಣ. ತಪ್ಪು ನಂದು.”

ನಾನು ಬಿದ್ದದ್ದಕ್ಕೆ ಪರವಾಗಿಲ್ಲ ಎಂದೆ. ಪರವಾಗಿಲ್ಲ ಅನ್ನಬೇಡಿ ಎಂದಳು. ಅವಳ ಮುಖ ಸಣ್ಣಗಾಗಿತ್ತು. ಆದರೆ ಮುರಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿಯುವಾಗ ಅರ್ಧ ದಾರಿಯಲ್ಲೇ, ಮೂರು ಮೂಲೆಯ ಒಂದು ತಗಡನ್ನು ಎಲ್ಲಿ ಕೂರಿಸಿದರೆ ಈ ಜಾಯಿಂಟು ಮೊದಲಿಗಿಂತ ಗಟ್ಟಿಯಾಗುತ್ತದೆ ಎಂದು ನನಗೆ ವಿವರಿಸತೊಡಗಿದ್ದಳು. ಮರುದಿನ ದಪ್ಪ ಉಕ್ಕಿನ ತಗಡು ಕತ್ತರಿಸಿ ಬೆಸೆದಳು. ಅದನ್ನು ಉಜ್ಜಿ ಮರೆಮಾಡಲಿಲ್ಲ. ಖಾಸಿಂ ಸಾಹೇಬರು ಅದೇ ಬಣ್ಣ ಬಳಿದರೂ ತಗಡು ಎದ್ದು ಕಾಣುತ್ತಿತ್ತು. ಈಗ ಎರಡೂ ಬೇರೆ ಬೇರೆ ಸೈಕಲ್ಲುಗಳು. ಇನ್ನು ಮುರಿಯುವ ಭಯವಿಲ್ಲ. ಉಳಿದದ್ದು ಗಿರಾಕಿಗಳ ಮುಂದೆ ನಿಲ್ಲುವ ಕೆಲಸ.

ಶನಿವಾರ ಮಧ್ಯಾಹ್ನ ಇಬ್ಬರನ್ನೂ ಬರಹೇಳಿದಳು. ಬೇರೆ ಬೇರೆ ಹೊತ್ತಿಗೆ ಕರೆಯೋಣ ಎಂದು ನಾನು ಹೇಳಿದ್ದೆ; ಅವಳು ಒಂದೇ ಹೊತ್ತು ಹೇಳಿ ಕಳಿಸಿದ್ದಳು. ತ್ರಿಪುರಾಂಬ ಸಿಸ್ಟರ್ ಮೊದಲು ಬಂದು ಕುರ್ಚಿಯಲ್ಲಿ ಕೂತರು. ಕೆಂಚಮ್ಮ ಬಾಗಿಲಿಗೆ ಬಂದು ಅಕ್ಕನನ್ನು ನೋಡಿ ಅಭ್ಯಾಸದಂತೆ ಹೊರಕ್ಕೆ ತಿರುಗಿದರು. ಗೌರಕ್ಕ, ಒಳಗೆ ಬನ್ನಿ ಎಂದಳು. ಒಂದು ಕ್ಷಣ ನಿಂತು ಒಳಗೆ ಬಂದರು. ಅವರಮ್ಮ ತೀರಿಕೊಂಡ ದಿನವೂ ಒಬ್ಬರು ಹಿತ್ತಲಲ್ಲಿ, ಒಬ್ಬರು ಅಂಗಳದಲ್ಲಿ ನಿಂತಿದ್ದವರು ಈಗ ಒಂದೇ ಸೂರಿನ ಕೆಳಗೆ, ನಾಲ್ಕಡಿ ದೂರದಲ್ಲಿದ್ದರು. ಜಡೆ, ಹಚ್ಚೆ, ಕೈ ಎಲ್ಲ ಬದಲಿಸಿದ್ದರೂ ನಿಲ್ಲುವ ಭಂಗಿಯನ್ನು ಯಾರೂ ಬದಲಿಸಿರಲಿಲ್ಲ. ಇಬ್ಬರೂ ಭಾರವನ್ನು ಬಲಗಾಲಿನ ಮೇಲೆ ಹಾಕಿ, ತಲೆಯನ್ನು ತುಸು ಓರೆ ಮಾಡಿ ಆ ಸೈಕಲ್ಲುಗಳನ್ನು ನೋಡಿದರು.

ಗೌರಕ್ಕ ನಡೆದದ್ದನ್ನೆಲ್ಲ ನೇರವಾಗಿ ಹೇಳಿದಳು. ತಾನು ಮಾತು ಕೊಟ್ಟದ್ದು, ಎರಡನ್ನೂ ಒಂದೇ ತೆರನಾಗಿ ಮಾಡಿದ್ದು, ಮೂರನೆಯ ದಿನ ಒಂದು ಮುರಿದದ್ದು. ನನ್ನ ಮೊಣಕೈಯ ಪಟ್ಟಿಯನ್ನೂ ತೋರಿಸಿದಳು. “ಮುರಿದದ್ದು ಯಾರದು ಅಂತ ನನಗೂ ಗೊತ್ತಿಲ್ಲ. ಗುರುತು ಹಾಕಿರಲಿಲ್ಲ. ಸರಿ ಮಾಡಿದೀನಿ, ಇನ್ನು ಇಪ್ಪತ್ತು ವರ್ಷ ಅದಕ್ಕೇನೂ ಆಗಲ್ಲ. ಆದ್ರೆ ನೀವು ಬರೆದ ಸೈಕಲ್ ಇದಲ್ಲ ಅನ್ನೋದು ನಿಜ. ಬೇಡ ಅಂದ್ರೆ ನಾನು ಏನೂ ಅಂದುಕೊಳ್ಳಲ್ಲ.”

ಕೆಂಚಮ್ಮ ತಗಡು ಹಾಕಿದ ಸೈಕಲ್ಲಿನ ಹತ್ತಿರ ಹೋಗಿ ಎಡಗೈಯಿಂದ ಹ್ಯಾಂಡಲ್ ಹಿಡಿದರು. ಮುಖದಲ್ಲಿ ಕೋಪವೇನಿರಲಿಲ್ಲ. ಸಾಲಿನಲ್ಲಿ ತಮ್ಮ ಪಾಳಿ ಬಂದಾಗ ಮುಂದೆ ಸರಿಯುವವರ ಹಾಗೆ ಸರಿದರು.

“ನಂದೇ ಇರುತ್ತೆ ಬಿಡಿ. ಕೊಡಿ ಇದನ್ನೇ.”

“ಕೆಂಚಿ, ಕೈ ತೆಗಿ,” ಎಂದರು ತ್ರಿಪುರಾಂಬ ಸಿಸ್ಟರ್.

ಕೆಂಚಮ್ಮ ತಿರುಗಿ ನೋಡಿದರು. ಆ ಹೆಸರಿನಿಂದ ಅವರನ್ನು ಯಾರಾದರೂ ಕರೆದು ಎಷ್ಟು ವರ್ಷವಾಗಿತ್ತೋ.

“ಅದು ನಂದು.”

“ನಿಂಗೆ ಹೇಗೆ ಗೊತ್ತು?”

“ಗೊತ್ತಿಲ್ಲ. ಆದ್ರೂ ನಂದು.” ಸಿಸ್ಟರ್ ಎದ್ದು ಬಂದು ಹ್ಯಾಂಡಲ್ಲಿನ ಇನ್ನೊಂದು ತುದಿ ಹಿಡಿದರು. “ಪ್ರತಿ ಸಲ ನಿನಗೇ ಯಾಕೆ ಬೀಳಬೇಕು?”

“ನಿಂಗೆ ಅಭ್ಯಾಸ ಇಲ್ಲ ಅಕ್ಕ,” ಎಂದರು ಕೆಂಚಮ್ಮ, ತುಂಬ ಮೆಲ್ಲಗೆ.

“ಕಲೀತೀನಿ.”

ಸಿಸ್ಟರ್ ಹ್ಯಾಂಡಲ್ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆಂಚಮ್ಮನೇ ಕೈ ತೆಗೆದು, ಗೋಡೆಗೊರಗಿದ್ದ ಇನ್ನೊಂದು ಸೈಕಲ್ಲಿನ ಕಡೆ ಹೋದರು. ಅದರ ಸೀಟನ್ನು, ಕೊಳವೆಯನ್ನು, ಬೆಸುಗೆಯ ಒಂದೊಂದು ಗಂಟನ್ನು ಬೆರಳಿನಿಂದ ಸವರಿದರು. ಎಲ್ಲೂ ಏನೂ ಇರಲಿಲ್ಲ. ಬರೆದಂತೆಯೇ ಇತ್ತು. ಖಾಸಿಂ ಸಾಹೇಬರು ಬ್ರಷ್ಷು ತೊಳೆಯುವ ನೆಪ ಮಾಡಿಕೊಂಡು ಹೊರಗೆ ಹೋದರು. ಗೌರಕ್ಕ ಮಾತ್ರ ಅಲ್ಲಾಡದೆ ನಿಂತು, ಸೀಟಿನ ಎತ್ತರ ಸರಿಯಿದೆಯೇ ನೋಡಿ ಎಂದು ಗಿರಾಕಿಗಳಿಗೆ ಹೇಳುವ ಮಾತನ್ನು ಇಬ್ಬರಿಗೂ ಹೇಳಿದಳು.

ಹೆಲ್ಮೆಟ್ ಹಾಕಿಕೊಳ್ಳುವಾಗ ಸಿಸ್ಟರಿಗೆ ಜಡೆ ತೊಡಕಾಯಿತು. ಕೆಂಚಮ್ಮ ಹಿಂದಿನಿಂದ ಬಂದು ಅದನ್ನು ಸುರುಳಿ ಸುತ್ತಿ ರವಿಕೆಯ ಒಳಗೆ ತೂರಿಸಿದರು. ಇಬ್ಬರೂ ಪೇಟೆ ಬೀದಿಗೆ ಇಳಿದರು. ಬೇರೆ ಬೇರೆ ದಾರಿ ಹಿಡಿಯುತ್ತಾರೇನೋ ಎಂದು ನೋಡುತ್ತ ನಿಂತೆ. ಪಕ್ಕಪಕ್ಕದಲ್ಲೇ ಹೋದರು. ಪಾತ್ರೆ ಅಂಗಡಿಯವರು ಕೈಯಲ್ಲಿ ಅರ ಹಿಡಿದುಕೊಂಡೇ ಹೊರಗೆ ಬಂದರು. ಬಸ್ಸಿಗೆ ಕಾದಿದ್ದವರು ಎದ್ದು ನಿಂತರು. ಒಬ್ಬ ಮುದುಕಿ ತನ್ನ ಮೊಮ್ಮಗಳ ಕಣ್ಣು ಮುಚ್ಚಲು ಹೋಗಿ, ಆಮೇಲೆ ಕೈ ತೆಗೆದು ತಾನೂ ನೋಡುತ್ತ ನಿಂತಳು. ಯಾರಿಗೂ ಏನೂ ಆಗಲಿಲ್ಲ.

ಆ ವಾರ ಮೂವತ್ತು ಆರ್ಡರ್ ಬಂದವು. ಅದರಲ್ಲಿ ಎಂಟು ಮಂದಿ ಮೂರು ಮೂಲೆಯ ತಗಡನ್ನೂ ಬೇಕೆಂದು ಬರೆದಿದ್ದರು. ಗೌರಕ್ಕ ಹಾಳೆಯಲ್ಲಿ ಹನ್ನೆರಡನೆಯ ಆಯ್ಕೆ ಸೇರಿಸಿದಳು; ತಗಡಿನ ಆಕಾರ ಗಿರಾಕಿಯೇ ಬರೆದು ಕೊಡಬೇಕು.

ಅದೆಲ್ಲ ಆಮೇಲಿನ ಮಾತು. ಆ ಶನಿವಾರ ನಾನು ಶೆಡ್ಡಿನ ಹಿಂದಿನ ಕಟ್ಟೆ ಹತ್ತಿ ಬೆಟ್ಟದ ಕಡೆ ನೋಡುತ್ತಿದ್ದೆ. ಆರನೆಯ ಹಟ್ಟಿಯ ತಿರುವಿನಲ್ಲಿ, ಏರು ಅತಿ ಕಡಿದಾದ ಜಾಗದಲ್ಲಿ, ಇಬ್ಬರೂ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದರು. ಒಬ್ಬರು ಮುಂದಾದರೆ ಇನ್ನೊಬ್ಬರು ಹಿಡಿಯುತ್ತಿದ್ದರು. ಅಷ್ಟು ದೂರಕ್ಕೆ ತಗಡೂ ಕಾಣುತ್ತಿರಲಿಲ್ಲ, ಹಚ್ಚೆಯೂ ಕಾಣುತ್ತಿರಲಿಲ್ಲ. ತುದಿ ಮುಟ್ಟಿ ನಿಂತಾಗ ಅವರಲ್ಲೊಬ್ಬರು ಕೈ ಎತ್ತಿ ಊರಿನ ಕಡೆ ಬೀಸಿದರು. ಯಾರೆಂದು ತಿಳಿಯದಿದ್ದರೂ ನಾನು, ನೋವಿದ್ದ ಕೈಯನ್ನೇ ಎತ್ತಿ, ತಿರುಗಿ ಬೀಸಿದೆ.